‘ನಾನು ಸುರಂಗದವನು’: ಕಲ್ಲಿದ್ದಲು ಗಣಿಯಿಂದ ಯುದ್ಧಕ್ಕೆ ಹೋದ ವಿಲಿಯಂ ಹ್ಯಾಕೆಟ್

ಸಭಿಕರೆ,

ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿ ಓಡಾಡುವವರಿಗೆ ಮದ್ರಾಸ್ ಸ್ಯಾಪರ್ಸ್ ಎಂಬ ಹೆಸರು ಹೊಸದಲ್ಲ. ಸೇತುವೆ ಕಟ್ಟುವ, ದಾರಿ ಮಾಡುವ, ನೆಲದಡಿ ಮದ್ದು ಹೂಳುವ ಈ ಸೈನಿಕ ಎಂಜಿನಿಯರುಗಳ ಪಡೆಯನ್ನು ಬ್ರಿಟಿಷರ ಕಾಲದಲ್ಲಿ ‘ಸ್ಯಾಪರ್ಸ್ ಅಂಡ್ ಮೈನರ್ಸ್’ ಎಂದು ಕರೆಯುತ್ತಿದ್ದರು. ಹಿಂದಿನ ಕಾಲದ ಯುದ್ಧಗಳಲ್ಲಿ ಶತ್ರುವಿನ ಕೋಟೆಯತ್ತ ಕಂದಕ ತೋಡುತ್ತ ಸಾಗುವವನು ಸ್ಯಾಪರ್, ಕೋಟೆಯ ಬುಡಕ್ಕೆ ಸುರಂಗ ಕೊರೆಯುವವನು ಮೈನರ್. ನಾನು ಇಂದು ಮಾತನಾಡಲಿರುವ ವ್ಯಕ್ತಿಯ ದರ್ಜೆಯೂ ಸ್ಯಾಪರ್ ಎಂದೇ. ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ವಿಭಾಗದಲ್ಲಿ ಸಾಮಾನ್ಯ ಸೈನಿಕನಿಗೆ ಇರುವ ಹೆಸರು ಅದು. ವಿಲಿಯಂ ಹ್ಯಾಕೆಟ್ ತನ್ನ ಬದುಕಿನ 42ನೆಯ ವರ್ಷದವರೆಗೂ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ದುಡಿದವನು, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಬದುಕಿದ್ದು ಕೇವಲ ಎಂಟು ತಿಂಗಳು. ಇಂದು ನಾವು ಅವನ ಹೆಸರನ್ನು ಎತ್ತುತ್ತಿರುವುದು ಆ ಎಂಟು ತಿಂಗಳ ಕೊನೆಯ ಕೆಲವು ಗಂಟೆಗಳಿಗಾಗಿ. ಆದರೆ ಆ ಗಂಟೆಗಳಲ್ಲಿ ಅವನು ಮಾಡಿದ್ದು ಸೇನೆ ಕಲಿಸಿಕೊಟ್ಟ ಕೆಲಸವಾಗಿರಲಿಲ್ಲ, ಅದನ್ನು ಅವನು ಗಣಿಯಿಂದ ಹೊತ್ತು ತಂದಿದ್ದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದುದರಿಂದ ಯುದ್ಧಭೂಮಿಗೆ ಹೋಗುವ ಮೊದಲು ನಿಮ್ಮನ್ನು ಗಣಿಗೆ ಇಳಿಸಬೇಕಾಗಿದೆ.

ಹ್ಯಾಕೆಟ್ ಹುಟ್ಟಿದ್ದು 1873ರ ಜೂನ್ 11ರಂದು, ನಾಟಿಂಗ್‌ಹ್ಯಾಮ್ ನಗರದ ಸ್ನೀಂಟನ್ ಎಂಬಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಓದು ಬರಹ ಬಾರದು. ಹರೆಯದಲ್ಲೇ ದಕ್ಷಿಣ ಯಾರ್ಕ್‌ಷೈರ್‌ಗೆ ಬಂದು ಡೆನಬಿ ಮೇನ್ ಎಂಬ ಗಣಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಸುಮಾರು 23 ವರ್ಷ ದುಡಿದ. ಬಳಿಕ ಮ್ಯಾನ್ವರ್ಸ್ ಮೇನ್ ಗಣಿಗೆ ಹೋದ. 1900ರಲ್ಲಿ ಆಲಿಸ್ ಎಂಬಾಕೆಯನ್ನು ಮದುವೆಯಾದ. ಒಬ್ಬ ಮಗ ಆರ್ಥರ್, ಒಬ್ಬಳು ಮಗಳು ಮೇರಿ. ಮನೆ ಮೆಕ್ಸ್‌ಬರೊ ಎಂಬ ಊರಿನಲ್ಲಿ. ಒಬ್ಬ ಬಡ ಕಾರ್ಮಿಕನ ಬಗ್ಗೆ ದಾಖಲೆಗಳು ಹೇಳುವುದು ಇಷ್ಟೇ, ಇದರಲ್ಲಿ ಅವನನ್ನು ನೆರೆಹೊರೆಯ ಸಾವಿರ ಮಂದಿಯಿಂದ ಬೇರ್ಪಡಿಸುವಂಥದ್ದು ಏನೂ ಇಲ್ಲ.

ಆ ಸಾವಿರ ಮಂದಿಯ ಬದುಕು ಹೇಗಿತ್ತು ಎಂಬುದನ್ನು ಮಾತ್ರ ನಾವು ಚೆನ್ನಾಗಿ ಬಲ್ಲೆವು. ಆಗ ಬ್ರಿಟನ್ನಿನ ರೈಲು, ಹಡಗು, ಕಾರ್ಖಾನೆ, ಮನೆಯ ಒಲೆ ಎಲ್ಲವೂ ಉರಿಯುತ್ತಿದ್ದದ್ದು ಕಲ್ಲಿದ್ದಲಿನಿಂದ. 1913ರ ಒಂದೇ ವರ್ಷದಲ್ಲಿ ಆ ದೇಶ 28.7 ಕೋಟಿ ಟನ್ ಕಲ್ಲಿದ್ದಲು ಅಗೆದು ತೆಗೆಯಿತು, ಹತ್ತು ಲಕ್ಷಕ್ಕೂ ಹೆಚ್ಚು ಗಂಡಸರು ಆ ಕೆಲಸದಲ್ಲಿದ್ದರು. ಡೆನಬಿಯಲ್ಲಿ ಗಣಿಯೂ ಕಂಪನಿಯದು, ಕಾರ್ಮಿಕನ ತಲೆಯ ಮೇಲಿನ ಸೂರೂ ಕಂಪನಿಯದು. ಕಲ್ಲಿದ್ದಲಿನ ಪದರಗಳ ನಡುವೆ ಸಿಗುವ ಕೆಲಸಕ್ಕೆ ಬಾರದ ಮಣ್ಣನ್ನು ತೆಗೆದುಹಾಕುವುದಕ್ಕೆ ಸರಿಯಾದ ಕೂಲಿ ಕೊಡುವುದಿಲ್ಲ ಎಂಬ ಕಾರಣಕ್ಕೆ 1902ರಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ, ಕಂಪನಿಯು 1903ರ ಜನವರಿಯ ಕೊರೆಯುವ ಚಳಿಯಲ್ಲಿ ಪೊಲೀಸರನ್ನು ಮುಂದಿಟ್ಟುಕೊಂಡು ಸಂಸಾರಗಳನ್ನು ಮನೆಗಳಿಂದ ಹೊರಹಾಕಿತು. ಹೆಂಗಸರು ಮಕ್ಕಳು ಡೇರೆಗಳಲ್ಲಿ, ಪ್ರಾರ್ಥನಾ ಮಂದಿರಗಳಲ್ಲಿ ರಾತ್ರಿ ಕಳೆದರು. ಕಷ್ಟಕ್ಕೆ ಆಗುವವರು ಪಕ್ಕದ ಮನೆಯವರೇ ಹೊರತು ಮೇಲಿನವರಲ್ಲ ಎಂಬುದನ್ನು ಅಂಥ ಊರು ತನ್ನ ಜನರಿಗೆ ಬೇರೆ ಪಾಠ ಹೇಳಿ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಘಟನೆಯನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಡೆನಬಿಗೆ ಅಂಟಿಕೊಂಡಂತೆ, ಅದೇ ಕಂಪನಿಗೆ ಸೇರಿದ ಕೇಡ್ಬಿ ಎಂಬ ಗಣಿಯಿತ್ತು. 1912ರ ಜುಲೈ 9ರ ನಸುಕಿನಲ್ಲಿ ಅದರೊಳಗೆ ಅನಿಲ ಸ್ಫೋಟವಾಗಿ 35 ಮಂದಿ ಸತ್ತರು. ದೊರೆ ಐದನೆಯ ಜಾರ್ಜ್ ಆ ಸೀಮೆಗೆ ಭೇಟಿ ಕೊಟ್ಟಿದ್ದ ಸಡಗರದಲ್ಲಿ ಆ ರಾತ್ರಿ ಪಾಳಿಗೆ ಇಳಿದವರೇ ಕಡಿಮೆ, ಇಲ್ಲದಿದ್ದರೆ ಸಾವಿನ ಸಂಖ್ಯೆ ಎಷ್ಟಾಗುತ್ತಿತ್ತೋ! ಸುದ್ದಿ ತಿಳಿದದ್ದೇ ತಡ, ರಕ್ಷಣಾ ತಂಡದವರು ಕೆಳಗಿಳಿದರು. ಅವರೊಂದಿಗೆ ಗಣಿಯ ಅಧಿಕಾರಿಗಳೂ ಸರ್ಕಾರದ ಗಣಿ ಇನ್‌ಸ್ಪೆಕ್ಟರುಗಳೂ ಇಳಿದರು. ಅವರು ಒಳಗಿರುವಾಗಲೇ ಎರಡನೆಯ ಸ್ಫೋಟವಾಯಿತು. ಅದರಲ್ಲಿ 53 ಮಂದಿ ಪ್ರಾಣ ಬಿಟ್ಟರು, ಗಾಯಗೊಂಡ ಕೆಲವರು ನಂತರ ತೀರಿಕೊಂಡು ಒಟ್ಟು ಸಾವು 91ಕ್ಕೆ ಮುಟ್ಟಿತು. ಲೆಕ್ಕವನ್ನು ಮತ್ತೊಮ್ಮೆ ಗಮನಿಸಿ: ಅಪಘಾತದಲ್ಲಿ ಸತ್ತವರಿಗಿಂತ ಅವರನ್ನು ಹುಡುಕಿಕೊಂಡು ಹೋಗಿ ಸತ್ತವರೇ ಹೆಚ್ಚು. ದೊರೆ ಮತ್ತು ರಾಣಿ ಅಂದು ಸಂಜೆ ಗಣಿಯ ಬಳಿಗೆ ಬಂದು ದುಃಖದಲ್ಲಿ ಭಾಗಿಯಾದರು. ಒಳಗೆ ಸಿಕ್ಕಿಬಿದ್ದವನನ್ನು ಬಿಟ್ಟು ಬರಬಾರದು, ಅಪಾಯ ಗೊತ್ತಿದ್ದೂ ಹೋಗಬೇಕು ಎಂಬ ನಡವಳಿಕೆ ಡಾನ್ ನದಿಯ ಆ ಕಣಿವೆಯಲ್ಲಿ ಯಾರೂ ಬರೆದಿಡದ ಕಾನೂನಾಗಿತ್ತು. ಆ ಕಣಿವೆಯ ಕಾರ್ಮಿಕನೇ ನಮ್ಮ ಹ್ಯಾಕೆಟ್.

ಇನ್ನು ಯುದ್ಧಕ್ಕೆ ಬರೋಣ. 1914ರ ಕೊನೆಯ ಹೊತ್ತಿಗೆ ಪಶ್ಚಿಮ ರಣರಂಗದಲ್ಲಿ, ಅಂದರೆ ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ನೆಲದಲ್ಲಿ, ಎರಡೂ ಕಡೆಯ ಸೇನೆಗಳು ಕಂದಕಗಳಲ್ಲಿ ಎದುರುಬದುರಾಗಿ ಕುಳಿತುಬಿಟ್ಟಿದ್ದವು. ಮೇಲೆ ತಲೆ ಎತ್ತಿದವನಿಗೆ ಗುಂಡು, ಆದ್ದರಿಂದ ಮುಂದೆ ಸಾಗುವ ದಾರಿಯನ್ನು ನೆಲದಡಿ ಹುಡುಕಬೇಕಾಯಿತು. ಬ್ರಿಟಿಷ್ ಸೇನೆಯ ಸಾಲಿನಲ್ಲಿ ಅದನ್ನು ಮೊದಲು ಮಾಡಿ ತೋರಿಸಿದವರು ಜರ್ಮನರು, ಅದರ ಪೆಟ್ಟು ತಿಂದವರು ನಮ್ಮ ನಾಡಿನ ಸಿಪಾಯಿಗಳು. 1914ರ ಡಿಸೆಂಬರ್ 20ರಂದು ಫ್ರಾನ್ಸಿನ ಜಿವಾಂಶಿ ಮತ್ತು ಫೆಸ್ಟುಬೆರ್ ಗ್ರಾಮಗಳ ನಡುವೆ ಬೀಡುಬಿಟ್ಟಿದ್ದ ಭಾರತೀಯ ಸೇನೆಯ ಸರ್‌ಹಿಂದ್ ಬ್ರಿಗೇಡಿನ ಕಂದಕಗಳ ಕೆಳಗೆ ಜರ್ಮನರು ಹತ್ತು ಮದ್ದಿನ ಹುದುಗುಗಳನ್ನು ಒಮ್ಮೆಲೇ ಸಿಡಿಸಿ, ಹಿಂದೆಯೇ ದಾಳಿ ನಡೆಸಿದರು. ಊರು ಬಿಟ್ಟು ಸಾವಿರಾರು ಮೈಲಿ ಬಂದು, ಕಂಡರಿಯದ ಚಳಿಯಲ್ಲಿ ಕೆಸರಿನೊಳಗೆ ನಿಂತಿದ್ದ ಆ ಸಿಪಾಯಿಗಳಿಗೆ ಕಾಲ ಕೆಳಗಿನ ನೆಲವೇ ಸಿಡಿದದ್ದು ಎಂಥ ಅನುಭವವಾಗಿರಬಹುದು! ಬ್ರಿಟಿಷ್ ಸೇನೆ ತನ್ನದೇ ಸುರಂಗ ಪಡೆಯನ್ನು ಕಟ್ಟಲು ಈ ಪೆಟ್ಟು ನೇರ ಕಾರಣವಾಯಿತು. ಜಿವಾಂಶಿ ಎಂಬ ಈ ಹೆಸರನ್ನು ನೆನಪಿನಲ್ಲಿಡಿ, ಹ್ಯಾಕೆಟ್ ಸತ್ತದ್ದೂ ಅದೇ ಹಳ್ಳಿಯ ನೆಲದಲ್ಲಿ.

ಆ ಪಡೆಯನ್ನು ಕಟ್ಟಿದವನು ಜಾನ್ ನಾರ್ಟನ್-ಗ್ರಿಫಿತ್ಸ್ ಎಂಬ ಸಂಸತ್ ಸದಸ್ಯ, ದೊಡ್ಡ ಕಾಮಗಾರಿಗಳ ಗುತ್ತಿಗೆದಾರ. ಮ್ಯಾಂಚೆಸ್ಟರಿನಲ್ಲಿ ಒಳಚರಂಡಿಗಾಗಿ ಜೇಡಿಮಣ್ಣಿನಲ್ಲಿ ಸುರಂಗ ತೋಡುತ್ತಿದ್ದ ಅವನ ಕೆಲಸಗಾರರ ಕೈಚಳಕ ಅವನಿಗೆ ಗೊತ್ತಿತ್ತು. ಅವರಲ್ಲಿ 18 ಮಂದಿ 1915ರ ಫೆಬ್ರವರಿ 17ರಂದು ಅಲ್ಲಿನ ಕೆಲಸ ಬಿಟ್ಟು ಹೊರಟು, ನಾಲ್ಕೇ ದಿನಗಳಲ್ಲಿ, ಅಂದರೆ 21ನೇ ತಾರೀಖಿಗೆ, ಜಿವಾಂಶಿಯ ನೆಲದಡಿ ಇದ್ದರು. ಕವಾಯತು, ಬಂದೂಕಿನ ತರಬೇತಿ ಯಾವುದಕ್ಕೂ ಸಮಯವಿರಲಿಲ್ಲ. ಸೇನೆಗೆ ಬೇಕಾಗಿದ್ದದ್ದು ಅವರ ಕೈಗಳು.

ಕೆಲಸ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡೋಣ. ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆ ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆಯುವವರನ್ನು ಕಂಡವರಿಗೆ ಅದರ ಇಕ್ಕಟ್ಟು ಊಹೆಗೆ ನಿಲುಕೀತು. ಇಲ್ಲಿನದು ಅದಕ್ಕಿಂತಲೂ ತಗ್ಗು, ಸುಮಾರು ನಾಲ್ಕು ಅಡಿ ಎತ್ತರ, ಎರಡೂವರೆ ಅಡಿ ಅಗಲ. ಹಾರೆ, ಗುದ್ದಲಿ ಬೀಸಿದರೆ ಸದ್ದಾಗುತ್ತದೆ, ಸದ್ದಾದರೆ ಶತ್ರುವಿಗೆ ಸುಳಿವು ಸಿಗುತ್ತದೆ. ಆದುದರಿಂದ ತೋಡುವವನು ಓರೆಯಾಗಿ ನಿಲ್ಲಿಸಿದ ಒಂದು ಮರದ ಚೌಕಟ್ಟಿಗೆ ಬೆನ್ನು ಕೊಟ್ಟು ಮಲಗಿ, ಎರಡೂ ಪಾದಗಳಿಂದ ಕಿರಿದಾದ ಸಲಿಕೆಯನ್ನು ಮಣ್ಣಿನೊಳಗೆ ಒತ್ತಿ, ಒಂದು ಹೆಂಟೆಯನ್ನು ಮೆಲ್ಲನೆ ಬಿಡಿಸುತ್ತಿದ್ದ. ಪಕ್ಕದಲ್ಲಿದ್ದವನು ಆ ಹೆಂಟೆ ನೆಲಕ್ಕೆ ಬೀಳುವ ಮೊದಲೇ ಕೈಯಲ್ಲಿ ಹಿಡಿದು ಗೋಣಿಚೀಲಕ್ಕೆ ತುಂಬುತ್ತಿದ್ದ. ಮೂರನೆಯವನು ಚೀಲವನ್ನು ಹಿಂದಕ್ಕೆ ಎಳೆದೊಯ್ಯುತ್ತಿದ್ದ. ಆಸರೆಗೆ ಕೊಡುವ ಹಲಗೆಗಳಿಗೂ ಮೊಳೆ ಹೊಡೆಯುವಂತಿಲ್ಲ. ಅವನ್ನು ಒಂದಕ್ಕೊಂದು ಕೂಡಿಸಿ ನಿಲ್ಲಿಸಿದರೆ ಮಣ್ಣು ಉಬ್ಬಿ ತಾನೇ ಬಿಗಿದುಕೊಳ್ಳುತ್ತಿತ್ತು. ಎಲ್ಲವೂ ಪಿಸುಮಾತಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ. ನಡುನಡುವೆ ಕೆಲಸ ನಿಲ್ಲಿಸಿ, ಉಸಿರು ಬಿಗಿಹಿಡಿದು, ನೆಲಕ್ಕೆ ಕಿವಿಗೊಡುತ್ತಿದ್ದರು. ಆ ಕಡೆಯಿಂದ ಅಗೆಯುವ ಸದ್ದು ಕೇಳಿಸುತ್ತಿದ್ದಷ್ಟು ಹೊತ್ತು ಒಂದು ಬಗೆಯ ನೆಮ್ಮದಿ. ಅದು ನಿಂತುಹೋದರೆ ಶತ್ರು ಮದ್ದು ತುಂಬುತ್ತಿದ್ದಾನೆಂದೇ ಅರ್ಥ.

ಸ್ಫೋಟದ ನಂತರ ಮಣ್ಣಿನಲ್ಲಿ ಉಳಿಯುವ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಶತ್ರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲಿದ್ದಲು ಗಣಿಗಳಲ್ಲಿ ಮಾಡುತ್ತಿದ್ದ ಹಾಗೆಯೇ ಇಲ್ಲಿಯೂ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನೋ ಬಿಳಿ ಇಲಿಯನ್ನೋ ಜೊತೆಗೆ ಒಯ್ಯುತ್ತಿದ್ದರು, ಹಕ್ಕಿ ಕೋಲಿನಿಂದ ಉರುಳಿತೆಂದರೆ ಮನುಷ್ಯನೂ ಹೊರಡಬೇಕು. ಇಂಥ ಕೆಲಸಕ್ಕೆ ಗಣಿಯವರೇ ಬೇಕೆಂಬುದು ಸೇನೆಗೂ ಮನವರಿಕೆಯಾಗಿತ್ತು. ಸಾಮಾನ್ಯ ಪದಾತಿಗೆ ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸ್ ಇದ್ದಾಗ ನುರಿತ ಸುರಂಗದವನಿಗೆ ಆರು ಶಿಲಿಂಗ್ ಕೊಡುವ ನಿರ್ಧಾರವಾದದ್ದು ಸುಮ್ಮನೆ ಅಲ್ಲ.

ಹ್ಯಾಕೆಟ್ ಸೇನೆಗೆ ಸೇರಲು ಮೂರು ಸಲ ಹೋಗಿ ಮೂರು ಸಲವೂ ತಿರಸ್ಕೃತನಾಗಿ ಬಂದಿದ್ದ. ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟಿನವರಿಗೆ ಅವನ ವಯಸ್ಸು ಹೆಚ್ಚಾಗಿ ಕಂಡಿತು. ಹಾಗೆ ನೋಡಿದರೆ ಅವನು ಹೋಗಬೇಕಾದ ಒತ್ತಾಯ ಯಾವುದೂ ಇರಲಿಲ್ಲ. ಕಡ್ಡಾಯ ಸೇನಾ ಸೇವೆಯ ಕಾನೂನು ಬ್ರಿಟನ್ನಿನಲ್ಲಿ ಬಂದದ್ದೇ 1916ರಲ್ಲಿ, ಕಲ್ಲಿದ್ದಲು ತೆಗೆಯುವುದೂ ದೇಶಕ್ಕೆ ಬೇಕಾದ ಕೆಲಸವೇ ಆಗಿತ್ತು. ಕಾದಾಟಕ್ಕೆ ಬೇಡವೆನಿಸಿದ ಆ ವಯಸ್ಸೇ ಸುರಂಗದ ಕೆಲಸದಲ್ಲಿ ಅನುಭವವೆನಿಸಿಕೊಂಡಿತು. 1915ರ ಅಕ್ಟೋಬರಿನಲ್ಲಿ ರಾಯಲ್ ಎಂಜಿನಿಯರ್ಸ್ ಅವನನ್ನು ಸೇರಿಸಿಕೊಂಡು, ಅಲ್ಪಸ್ವಲ್ಪ ತರಬೇತಿ ಕೊಟ್ಟು ಫ್ರಾನ್ಸಿಗೆ ಕಳುಹಿಸಿತು. ಅವನ ತುಕಡಿ 254ನೇ ಟನೆಲಿಂಗ್ ಕಂಪನಿ. ಬರೆಯಲು ಬಾರದ ಅವನಿಗೆ ಮನೆಗೆ ಕಾಗದ ಬರೆಯಲು ಜೊತೆಗಾರನೊಬ್ಬ ನೆರವಾಗುತ್ತಿದ್ದ. 1916ರ ಜನವರಿಯಲ್ಲಿ ಮನೆಯಿಂದ ಬಂದ ಸುದ್ದಿ ಕೆಟ್ಟದ್ದಾಗಿತ್ತು: ಇನ್ನೂ ಹುಡುಗನಾಗಿದ್ದ ಮಗ ಆರ್ಥರ್ ಮ್ಯಾನ್ವರ್ಸ್ ಮೇನ್ ಗಣಿಯ ಅಪಘಾತದಲ್ಲಿ ಒಂದು ಕಾಲನ್ನೇ ಕಳೆದುಕೊಂಡಿದ್ದ. ಯುದ್ಧದಲ್ಲಿದ್ದ ತಂದೆಯ ಮೈ ಇನ್ನೂ ಇಡಿಯಾಗಿರುವಾಗ ಊರಿನಲ್ಲಿದ್ದ ಮಗನಿಗೆ ಹೀಗಾಯಿತು. ಗಣಿಯವರ ಪಾಲಿಗೆ ಯುದ್ಧ ಮತ್ತು ಶಾಂತಿಯ ನಡುವಿನ ಅಂತರ ಎಷ್ಟು ತೆಳುವಾಗಿತ್ತು ಎಂಬುದನ್ನು ಹೇಳಲು ಈ ಒಂದು ಸಂಗತಿ ಸಾಕು.

1916ರ ಜೂನ್ ತಿಂಗಳಲ್ಲಿ ನೆಲದಡಿಯ ಕಾದಾಟ ಎಂದೂ ಇಲ್ಲದಷ್ಟು ಉಗ್ರವಾಗಿತ್ತು. ಬ್ರಿಟಿಷ್ ಸೇನೆಯ ಪಾಲಿನ ರಣರಂಗದಲ್ಲಿ ಆ ಒಂದೇ ತಿಂಗಳು ಬ್ರಿಟಿಷರು 101, ಜರ್ಮನರು 126 ಸ್ಫೋಟಗಳನ್ನು ನಡೆಸಿದರು. ಅಂದರೆ ಸುಮಾರು ಮೂರು ಗಂಟೆಗೊಂದು. ಜಿವಾಂಶಿಯಲ್ಲಿ 254ನೇ ಕಂಪನಿಯವರು ಒಂದು ಬಾವಿಯಂಥ ಗುಂಡಿ ಇಳಿಸಿ, ಅದರ ತಳದಿಂದ ಜರ್ಮನ್ ಸಾಲಿನತ್ತ ಸುರಂಗ ಕೊರೆಯುತ್ತಿದ್ದರು. ಲಂಡನ್ನಿನ ಹೆಸರಾಂತ ಬೀದಿಯ ನೆನಪಿಗೆ ಅದನ್ನು ಶಾಫ್ಟ್ಸ್‌ಬರಿ ಅವೆನ್ಯೂ ಎಂದು ಕರೆಯುತ್ತಿದ್ದರು. ಜೂನ್ 22ರ ನಸುಕಿನಲ್ಲಿ ಹ್ಯಾಕೆಟ್ ಮತ್ತು ಇನ್ನು ನಾಲ್ವರು ಅದರೊಳಗೆ ಕೆಲಸದಲ್ಲಿದ್ದರು. ಅದೇ ಹೊತ್ತಿಗೆ ಜರ್ಮನರು ಭಾರಿ ಮದ್ದೊಂದನ್ನು ಸಿಡಿಸಿದರು. ಮೇಲೆ ಕಂದಕದಲ್ಲಿದ್ದ ರಾಯಲ್ ವೆಲ್ಶ್ ಫ್ಯೂಸಿಲಿಯರ್ಸ್ ರೆಜಿಮೆಂಟಿನ ಒಂದು ಕಂಪನಿಯ ಬಹುಪಾಲು ಮಣ್ಣುಪಾಲಾಯಿತು. ಅಲ್ಲಿ ಬಾಯ್ತೆರೆದ ಹಳ್ಳಕ್ಕೆ ವೇಲ್ಸ್‌ನವರ ಲಾಂಛನದಿಂದಾಗಿ ‘ರೆಡ್ ಡ್ರಾಗನ್’ ಎಂಬ ಹೆಸರು ಬಂತು. ಕೆಳಗೆ ಸುರಂಗ ಕುಸಿದು, ಐವರಿಗೂ ಹೊರಗಿನ ದಾರಿ ಮುಚ್ಚಿಹೋಯಿತು.

ಮೇಲಿನವರು ಹೊರಗಿನಿಂದ ಅಗೆಯತೊಡಗಿದರು, ಒಳಗಿನವರು ಒಳಗಿನಿಂದ. 20 ಗಂಟೆಗಳ ದುಡಿಮೆಯ ಬಳಿಕ ಮಣ್ಣು ಮತ್ತು ಮುರಿದ ಮರಗಳ ನಡುವೆ ಒಂದು ಕಂಡಿ ಬಿದ್ದಿತು. ಹ್ಯಾಕೆಟ್ ಮೂವರನ್ನು ಅದರ ಮೂಲಕ ಹೊರಕ್ಕೆ ಸಾಗಿಸಿದ. ನಾಲ್ಕನೆಯವನು ಥಾಮಸ್ ಕಾಲಿನ್ಸ್, 22 ವರ್ಷದ ಯುವಕ, ವೇಲ್ಸ್‌ನ ಸ್ವಾನ್ಸಿ ನಗರದವನು. ವೆಲ್ಶ್ ರೆಜಿಮೆಂಟಿನ 14ನೇ ಬೆಟಾಲಿಯನ್ನಿನಿಂದ ಸುರಂಗದ ಕೆಲಸಕ್ಕೆ ಬಂದಿದ್ದವನು. ಅವನಿಗೆ ತೀವ್ರ ಗಾಯಗಳಾಗಿದ್ದವು, ಆ ಕಿರಿದಾದ ಕಂಡಿಯಿಂದ ಹೊರಬರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹ್ಯಾಕೆಟ್ ಮಾತ್ರ ಸಲೀಸಾಗಿ ಬರಬಹುದಾಗಿತ್ತು. ಹೊರಗಿನವರು ಕರೆದರು. ಆಗ ಅವನು ಆಡಿದ ಮಾತು ದಾಖಲಾಗಿದೆ, ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ‘ನಾನು ಸುರಂಗದವನು, ಮೊದಲು ಉಳಿದವರನ್ನು ನೋಡಿಕೊಳ್ಳಬೇಕು.’

ಈ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನಗೆ ಅನ್ನಿಸುತ್ತದೆ. ಅವನು ‘ನಾನು ಸೈನಿಕ’ ಎನ್ನಲಿಲ್ಲ. ದೇಶದ ಹೆಸರೆತ್ತಲಿಲ್ಲ, ದೊರೆಯ ಹೆಸರೆತ್ತಲಿಲ್ಲ. ತನ್ನ ಕಸುಬಿನ ಹೆಸರು ಹೇಳಿದ, ಕಾರಣವೆಲ್ಲ ಅದರಲ್ಲೇ ಇದೆ ಎಂಬಂತೆ. ಸುರಂಗದ ಕೆಲಸ ಬಲ್ಲವನು ಬಲ್ಲದವನನ್ನು ಕಾಯಬೇಕು, ಹಿರಿಯನು ಕಿರಿಯನನ್ನು ಕಾಯಬೇಕು, ಗಾಯಾಳುವನ್ನು ಕತ್ತಲಲ್ಲಿ ಒಬ್ಬನನ್ನೇ ಬಿಡಬಾರದು: ಇವು ಗಣಿಯ ರೀತಿಗಳು. ಅವನ ಸುತ್ತ ಮಣ್ಣು ಇನ್ನೂ ಸರಿಯುತ್ತಿತ್ತು, ಕಂಡಿ ಚಿಕ್ಕದಾಗುತ್ತ ಬಂತು, ಆದರೂ ಅವನು ಹೊರಡಲಿಲ್ಲ. ಕೊನೆಗೆ ಸುರಂಗ ಪೂರ್ತಿಯಾಗಿ ಕುಸಿಯಿತು. ರಕ್ಷಣಾ ತಂಡದವರು ನಾಲ್ಕು ದಿನ ಜೀವದ ಹಂಗು ತೊರೆದು ಅಗೆದರೂ ಅವರಿಬ್ಬರನ್ನು ತಲುಪಲಾಗಲಿಲ್ಲ. ಹ್ಯಾಕೆಟ್‌ನ ಸಾವಿನ ದಿನವೆಂದು ಜೂನ್ 27 ದಾಖಲಾಗಿದೆ. ಅವನಿಗೆ 43 ತುಂಬಿ ಎರಡು ವಾರಗಳಾಗಿದ್ದವು.

ಅದೇ ಆಗಸ್ಟ್ ತಿಂಗಳಲ್ಲಿ ಅವನಿಗೆ ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಆ ಯುದ್ಧದಲ್ಲಿ ನೆಲದಡಿಯ ಸಾಹಸಕ್ಕಾಗಿ ಈ ಪದಕ ಪಡೆದವನು ಅವನೊಬ್ಬನೇ. ಪದಕದ ಘೋಷಣಾ ಪತ್ರದಲ್ಲಿ ಒಂದು ಮಾತಿದೆ: ಸರಿಯುವ ಮಣ್ಣಿನ ಗುಣ ಎಂಥದ್ದೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದೂ ಅವನು ತನ್ನ ಜೊತೆಗಾರನಿಗಾಗಿ ಪ್ರಾಣ ಕೊಟ್ಟ ಎಂದು. ಇದನ್ನು ಬರೆದ ಅಧಿಕಾರಿ ಯಾರೇ ಆಗಿರಲಿ, ವಿಷಯದ ತಿರುಳನ್ನು ಹಿಡಿದಿದ್ದಾನೆ. ಆವೇಶದಲ್ಲಿ ಗುಂಡಿನ ಎದುರಿಗೆ ನುಗ್ಗುವವನಿಗೆ ಯೋಚಿಸಲು ಪುರಸೊತ್ತಿರುವುದಿಲ್ಲ. ಹ್ಯಾಕೆಟ್‌ಗೆ ಬೇಕಾದಷ್ಟು ಸಮಯವಿತ್ತು. ಮಣ್ಣು ಎಷ್ಟು ಹೊತ್ತು ತಡೆದೀತು, ಯಾವ ಸದ್ದಿನ ಬಳಿಕ ಕುಸಿದೀತು ಎಂಬುದನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕಿವಿಯಿಂದಲೂ ಬೆನ್ನಿನಿಂದಲೂ ಕಲಿತ ಮನುಷ್ಯ ಅಲ್ಲಿ ಕುಳಿತು, ತಿಳಿದೂ ತಿಳಿದೂ, ಪರ ಊರಿನ ಒಬ್ಬ ಹುಡುಗನ ಪಕ್ಕದಲ್ಲಿ ಉಳಿದುಕೊಂಡ.

1916ರ ನವೆಂಬರ್ 29ರಂದು ಆಲಿಸ್ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ಗಂಡನ ಪದಕವನ್ನು ಪಡೆದಳು. ಅದನ್ನು ಆಕೆಯ ಕೈಗಿತ್ತವನು ಐದನೆಯ ಜಾರ್ಜ್, ನಾಲ್ಕು ವರ್ಷಗಳ ಹಿಂದೆ ಕೇಡ್ಬಿ ಗಣಿಯ ಬಾಯಲ್ಲಿ ನಿಂತು ಅದೇ ಸೀಮೆಯ ಗಣಿ ಹೆಂಗಸರ ಗೋಳನ್ನು ಕಂಡಿದ್ದ ಅದೇ ದೊರೆ. ಮನೆಯಲ್ಲಿ ಒಂದು ಕಾಲಿಲ್ಲದ ಮಗ, ಚಿಕ್ಕ ಮಗಳು. ಪದಕ ಈಗ ಇಂಗ್ಲೆಂಡಿನ ಗಿಲ್ಲಿಂಗ್‌ಹ್ಯಾಮ್‌ನಲ್ಲಿರುವ ರಾಯಲ್ ಎಂಜಿನಿಯರ್ಸ್ ಸಂಗ್ರಹಾಲಯದಲ್ಲಿದೆ.

ಸುರಂಗದ ಯುದ್ಧ ಮುಂದೆಯೂ ನಡೆಯಿತು. 1917ರ ಜೂನ್ 7ರಂದು ಬೆಲ್ಜಿಯಮ್ಮಿನ ಮೆಸೀನ್ ಬಳಿ 19 ಭಾರಿ ಸ್ಫೋಟಗಳು ಕೆಲವೇ ಕ್ಷಣಗಳ ಅಂತರದಲ್ಲಿ ನಡೆದದ್ದನ್ನು ಎಲ್ಲ ಇತಿಹಾಸ ಪುಸ್ತಕಗಳೂ ಹೇಳುತ್ತವೆ. ಅಲ್ಲಿ ಸತ್ತ ಜರ್ಮನ್ ಸೈನಿಕರಲ್ಲಿಯೂ, ಅವರ ಸುರಂಗ ಪಡೆಗಳಲ್ಲಿಯೂ ಗಣಿಗಳಿಂದ ಬಂದವರು ಇದ್ದರೆಂಬುದನ್ನು ನಾವು ಮರೆಯಬಾರದು. ಒಂದೇ ಕಸುಬಿನವರು, ಒಂದೇ ಬಗೆಯ ಕಪ್ಪು ಉಗುರಿನವರು, ಕೆಲವೇ ಅಡಿ ಮಣ್ಣಿನ ಆಚೆ ಈಚೆ ಕುಳಿತು ಪರಸ್ಪರರ ಸದ್ದಿಗೆ ಕಿವಿಗೊಡುತ್ತಿದ್ದ ಆ ಚಿತ್ರ ನನ್ನನ್ನು ಬಹಳವಾಗಿ ಕಾಡಿದೆ.

ಕೊನೆಯದಾಗಿ ಕಾಲಿನ್ಸ್‌ನ ಬಗ್ಗೆ ಒಂದು ಮಾತು. ಹ್ಯಾಕೆಟ್‌ನ ಹೆಸರು ಬಂದಾಗಲೆಲ್ಲ ಕಾಲಿನ್ಸ್ ‘ಗಾಯಗೊಂಡ ಜೊತೆಗಾರ’ ಆಗಿಬಿಡುತ್ತಾನೆ, ಪದಕದ ಪತ್ರದಲ್ಲಿ ಅವನ ಹೆಸರೂ ಇಲ್ಲ. ಇಬ್ಬರಿಗೂ ಸಮಾಧಿ ಇಲ್ಲದ್ದರಿಂದ, ಯುದ್ಧ ಮುಗಿದ ಮೇಲೆ ಅವರ ಹೆಸರುಗಳನ್ನು ಸ್ಮಾರಕಗಳ ಗೋಡೆಗಳ ಮೇಲೆ ಕೆತ್ತಿದರು. ಸೇನೆಯ ಲೆಕ್ಕದಲ್ಲಿ ಅವರು ಬೇರೆ ಬೇರೆ ದಳದವರು. ಹೀಗಾಗಿ ಹ್ಯಾಕೆಟ್‌ನ ಹೆಸರು ಬೆಲ್ಜಿಯಮ್ಮಿನ ಪ್ಲೂಗ್‌ಸ್ಟೀರ್ಟ್ ಸ್ಮಾರಕದಲ್ಲಿದೆ, ಕಾಲಿನ್ಸ್‌ನ ಹೆಸರು ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕದಲ್ಲಿದೆ. ಒಂದೇ ಕತ್ತಲಲ್ಲಿ ಪಕ್ಕಪಕ್ಕದಲ್ಲಿ ಮಲಗಿರುವವರ ಹೆಸರುಗಳು ಎರಡು ದೇಶಗಳಲ್ಲಿ ಹಂಚಿಹೋಗಿದ್ದವು. 2010ರ ಜೂನ್ 19ರಂದು ಜಿವಾಂಶಿಯಲ್ಲಿಯೇ ಸುರಂಗದವರ ಸ್ಮಾರಕವೊಂದು ಉದ್ಘಾಟನೆಯಾಯಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನವ್ ಶಾಪೆಲ್‌ನಲ್ಲಿ, ಸಮಾಧಿ ಸಿಗದ ಸುಮಾರು 4,700 ಭಾರತೀಯ ಸೈನಿಕರ ಹೆಸರುಗಳಿರುವ ದುಂಡನೆಯ ಸ್ಮಾರಕವೂ ಇದೆ; ಆ ಕಡೆ ಹೋಗುವ ಕನ್ನಡಿಗರು ಎರಡನ್ನೂ ಒಂದೇ ದಿನ ನೋಡಿ ಬರಬಹುದು. ಜಿವಾಂಶಿಯ ಕಲ್ಲಿನೆದುರು ನಿಂತವರ ಕಣ್ಣಿಗೆ ಬೀಳುವುದು ಒಂದು ಬಯಲು ಹೊಲ. ಅದರ ಕೆಳಗೆ, ಸುಮಾರು 40 ಅಡಿ ಆಳದಲ್ಲಿ, ಅವರಿಬ್ಬರೂ ಇಂದಿಗೂ ಒಟ್ಟಿಗೇ ಇದ್ದಾರೆ.